ಹಿರಿಯರು ತಂದೆಯ ಮನೆಗೆ ಹೋದರು

ನಮ್ಮ ಬಂದರಿನ ಚರ್ಚಿನಲ್ಲಿ ಆ ವರ್ಷದ ಕೃತಜ್ಞತಾ ಆರಾಧನೆ ಒಂದೇ ದಿನ ಎರಡು ಸಲ ನಡೆಯಿತು. ಎರಡು ಸಲ ನಡೆಸಬೇಕೆಂದು ಯಾರೂ ಅಂದುಕೊಂಡಿರಲಿಲ್ಲ. ಸಮಯ ಬದಲಾದ ಸುದ್ದಿ ಅರ್ಧ ಸಭೆಗೆ ತಲುಪಿತು, ಅರ್ಧಕ್ಕೆ ತಲುಪಲಿಲ್ಲ, ಅಷ್ಟೇ. ಬೆಳಿಗ್ಗೆ ಬಂದವರ ಮುಂದೆ ಪಾಸ್ಟರ್ ಯೊಮ್ ಪ್ರಸಂಗ ಮಾಡಿದರು, ಮಧ್ಯಾಹ್ನ ಬಂದವರ ಮುಂದೆ ಅದನ್ನೇ ಮತ್ತೆ ಮಾಡಿದರು. ಗಾಯನ ತಂಡದಲ್ಲಿ ಹೆಂಗಸರೆಲ್ಲ ಬೆಳಿಗ್ಗೆ ಹಾಡಿದರು, ಮಂದ್ರದ ನಾವು ಗಂಡಸರು ಮಧ್ಯಾಹ್ನ ನಮ್ಮ ಪಾಲಿನದನ್ನಷ್ಟೇ ಹಾಡಿದೆವು. ಸರಕಿನ ಹಡಗು ಕೂಗುತ್ತ ಬಂದರು ಬಿಟ್ಟು ಹೊರಡುವ ಹಾಗಿತ್ತು ಎಂದು ಕೇಳಿದವರು ಹೇಳಿದರು. ನಾವು ಅದನ್ನು ಹೊಗಳಿಕೆಯೆಂದೇ ಭಾವಿಸಿದೆವು.

ಇದಕ್ಕೆಲ್ಲ ಮೂಲ ಒಂದು ಹಳೆಯ ಜಗಳ. ನಮ್ಮ ಸಭೆಯ ಹಿರಿಯರಾದ ಗುಕ್ ಸಾಂಗ್‌ಹೊ ಅವರು ಎಪ್ಪತ್ತು ದಾಟಿದ ವಿಧುರರು. ಮಾತು ಕಡಿಮೆ, ಪ್ರಾರ್ಥನೆ ಮಾತ್ರ ಉದ್ದ. ಭಾನುವಾರದ ಊಟದ ಅಡುಗೆಮನೆಗೆ ಪಿ ಮಲ್ಸುನ್ ಅಮ್ಮನವರು ಒಡತಿ. ಎಷ್ಟೋ ವರ್ಷದ ಹಿಂದೆ ಒಂದು ಭಾನುವಾರ ಗುಕ್ ಹಿರಿಯರು ತುಂಬಿದ ಸಭೆಯಲ್ಲಿ ಕಣ್ಣು ಮುಚ್ಚಿ, "ಕರ್ತನೇ, ನಿನ್ನ ಗ್ರಂಥದಲ್ಲಿ ಹಿಂತಿರುಗಿ ನೋಡಿ ಉಪ್ಪಿನ ಕಂಬವಾದ ಲೋಟನ ಹೆಂಡತಿಯನ್ನು ಕಳೆದ ವಾರದ ಸೂಪಿನ ಮೂಲಕ ನಮಗೆ ನೆನಪಿಸಿದ್ದಕ್ಕಾಗಿ ನಿನಗೆ ವಂದನೆ" ಎಂದು ಪ್ರಾರ್ಥಿಸಿಬಿಟ್ಟರು. ಸಭೆ ಅಭ್ಯಾಸಬಲದಿಂದ ಆಮೆನ್ ಅಂದಿತು. ಮಲ್ಸುನ್ ಅಮ್ಮ ಅನ್ನಲಿಲ್ಲ.

ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಒಂದೇ ಮೇಜಿನ ಆಚೆ ಈಚೆ ನಿಂತಾಗಲೂ ಅಮ್ಮ ನನ್ನ ಕಡೆ ತಿರುಗಿ, "ಹಿರಿಯರಿಗೆ ಇನ್ನೊಂದು ಸೌಟು ಬೇಕೇನು ಕೇಳಪ್ಪಾ" ಅನ್ನುತ್ತಿದ್ದರು. ಹಿರಿಯರೂ ನನ್ನ ಕಡೆಗೇ ತಿರುಗಿ, "ಸಾಕು ಅಂತ ಹೇಳು" ಅನ್ನುತ್ತಿದ್ದರು. ನಿಧಾನವಾಗಿ ಸಭೆಯೂ ಎರಡು ಪಾಲಾಯಿತು. ಅಡುಗೆಮನೆಯ ಕಡೆಯವರಿಗೆ ಗೊತ್ತಾದದ್ದು ಹಿರಿಯರ ಕಡೆಯವರಿಗೆ ಗೊತ್ತಾಗುತ್ತಿರಲಿಲ್ಲ. ಆರಾಧನೆ ಎರಡು ಸಲ ಆದದ್ದು ಹೀಗೆ.

ಪಾಸ್ಟರ್ ಯೊಮ್ ಸಭೆ ಕರೆದರು. ಸುದ್ದಿ ಎಲ್ಲರಿಗೂ ಮುಟ್ಟಿಸಲು ಒಂದು ಸಂವಹನ ಸಮಿತಿ ಬೇಕು, ಅಧ್ಯಕ್ಷರು ಯಾರಾಗುತ್ತೀರಿ ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಕಾಲ್ಚೀಲ ನೋಡಿಕೊಂಡರು. ಆಗ ಕೊನೆಯ ಸಾಲಿನಲ್ಲಿ ತಾಕ್ ದಲ್ಸು ನಿಧಾನವಾಗಿ ತಲೆಯಾಡಿಸುತ್ತಿರುವುದು ಕಾಣಿಸಿತು. ನಿಜವಾಗಿ ಅವನು ತೂಕಡಿಸುತ್ತಿದ್ದ. ಚಪ್ಪಾಳೆಗೆ ಎಚ್ಚರವಾಗುವಷ್ಟರಲ್ಲಿ ಅವನು ಅಧ್ಯಕ್ಷನಾಗಿಬಿಟ್ಟಿದ್ದ.

ದಲ್ಸುವಿಗೆ ಬಂದರಿನಲ್ಲಿ ಗಾಳ, ದಾರ, ಬಲೆ ಮಾರುವ ಅಂಗಡಿ. ಒಳ್ಳೆಯವನು. ಯಾರ ಮನೆಯಲ್ಲಿ ಹೆಣ ಎತ್ತಬೇಕಾದರೂ ಮೊದಲು ಹೆಗಲು ಕೊಡುವವನು. ಒಂದೇ ತೊಂದರೆ: ಅರ್ಧ ಮಾತು ಕೇಳಿದರೆ ಪೂರ್ತಿ ತಿಳಿಯುತ್ತದೆ ಎಂಬ ನಂಬಿಕೆ. ಅವನ ಹೆಂಡತಿ ಒಕ್ಬುನ್ ಒಮ್ಮೆ, "ರೀ, ಬರುವಾಗ ಮೂಲಂಗಿ ತರಬೇಡಿ, ಮನೇಲಿದೆ" ಅಂದಿದ್ದಳು. ಅವನು ಒಂದು ಮೂಟೆ ಮೂಲಂಗಿ ತಂದಿದ್ದ. ಅಂಥವನು ಈಗ ನಮ್ಮ ಸಂವಹನಕ್ಕೆ ಅಧ್ಯಕ್ಷ.

ಅವನಂತೂ ಹುದ್ದೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡ. ಅಂಗಡಿಯಲ್ಲೂ ಟೈ ಕಟ್ಟತೊಡಗಿದ. ಇಡೀ ಸಭೆಯನ್ನು ಒಂದೇ ಮೊಬೈಲ್ ಗುಂಪಿಗೆ ಸೇರಿಸಿದ. ಮೊದಲ ಭಾನುವಾರವೇ ಎದ್ದು ನಿಂತು ನೀತಿ ಘೋಷಿಸಿದ.

"ಇಷ್ಟು ದಿನ ನಮ್ಮ ಪ್ರಕಟಣೆಗಳು ಯಾಕೆ ತಲುಪಲಿಲ್ಲ? ಉದ್ದ ಇದ್ವು. ಇನ್ಮೇಲೆ ಏನೇ ಇದ್ರೂ ಒಂದು ಸಾಲು. ದಪ್ಪ ದಾರ ಕಂಡ್ರೆ ಮೀನೂ ಓಡಿಹೋಗುತ್ತೆ."

"ಒಂದು ಸಾಲಲ್ಲಿ ಎಲ್ಲ ಹೇಳೋಕಾಗುತ್ತಾ ದಲ್ಸು ಅವರೇ?" ಎಂದರು ಪಾಸ್ಟರ್.

"ಪಾಸ್ಟರೇ, ನೀವು ಅಭ್ಯಾಸ ಮಾಡಿ ನೋಡಿ," ಎಂದ ದಲ್ಸು. ಪಾಸ್ಟರ್ ಕೆಮ್ಮಿದರು.

ನೀತಿ ಫಲ ಕೊಟ್ಟಿತು ಎಂಬುದನ್ನು ಒಪ್ಪಲೇಬೇಕು. "ಭಾನುವಾರ ನೂಡಲ್ಸ್" ಎಂಬ ಅವನ ಮೊದಲ ಸಂದೇಶಕ್ಕೆ ವರ್ಷಗಟ್ಟಲೆ ಮುಖ ತೋರಿಸದಿದ್ದವರೂ ಬಂದರು. ದಲ್ಸು ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ತಾನೇ ಹೆತ್ತಂತೆ ನೋಡಿದ.

ನವೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಅವನು ಅಂಗಡಿ ತೆರೆಯುತ್ತಿದ್ದಾಗ ಗುಕ್ ಹಿರಿಯರು ಸುತ್ತಿಗೆ, ಗರಗಸ ತುಂಬಿದ ಚೀಲ ಹೊತ್ತು ಹಡಗುಕಟ್ಟೆಯ ಕಡೆ ಹೋಗುತ್ತಿದ್ದರು.

"ಎಲ್ಲಿಗೆ ಹಿರಿಯರೇ ಇಷ್ಟು ಬೇಗ?"

"ತಂದೆ ಮನೆಗೆ. ಈ ಭಾನುವಾರ ಪ್ರಾರ್ಥನೆ ನನ್ನ ಸರದಿ, ನಾನಿರಲ್ಲ ಅಂತ ತಿಳಿಸಿಬಿಡು. ಜಾರಾ ದ್ವೀಪದಲ್ಲಿ ಫೋನ್ ಹತ್ತಲ್ಲ. ಅಪ್ಪಂಗೆ ಈಗ..."

ಉಳಿದದ್ದನ್ನು ಹಡಗಿನ ಕೂಗು ನುಂಗಿತು. ನುಂಗದಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ. ದಲ್ಸು ಆಗಲೇ ಬೆರಳಾಡಿಸತೊಡಗಿದ್ದ. ಹಿರಿಯರು ಹಡಗು ಹತ್ತುವ ಮೊದಲೇ ಸಂದೇಶ ಹೊರಟಿತು:

"ಗುಕ್ ಹಿರಿಯರು ತಂದೆಯ ಮನೆಗೆ ಹೋದರು, ಇನ್ನು ಅವರ ಪ್ರಾರ್ಥನೆ ಇರುವುದಿಲ್ಲ."

ಈ ಭಾನುವಾರಕ್ಕೆ ಎಂಬ ಮಾತನ್ನೂ ಸೇರಿಸಿದ್ದರೆ ಸಾಲು ಎರಡಾಗುತ್ತಿತ್ತು. ಫೋನನ್ನು ಗಲ್ಲಾಪೆಟ್ಟಿಗೆಯ ಪಕ್ಕ ಬೋರಲು ಹಾಕಿ ಅವನು ಗಿರಾಕಿಗಳಿಗೆ ದಾರ ಸುತ್ತಿಕೊಡಲು ಕುಳಿತ.

ಚರ್ಚಿನ ಜನಕ್ಕೆ ತಂದೆಯ ಮನೆಗೆ ಹೋಗುವುದೆಂದರೆ ಒಂದೇ ಅರ್ಥ. ಅದಕ್ಕೆ ಹಡಗು ಬೇಕಾಗಿಲ್ಲ. ಅಷ್ಟು ವಯಸ್ಸಾದ ಹಿರಿಯರಿಗೆ ತಂದೆಯೆಂಬುವರು ಇನ್ನೂ ಈ ಲೋಕದಲ್ಲೇ ಇರಬಹುದೆಂದು ಯಾರ ತಲೆಗೂ ಹೊಳೆಯಲಿಲ್ಲ. ಅವರೂ ಎಂದೂ ಹೇಳಿದವರಲ್ಲ. ಗುಂಪಿನ ತುಂಬ ಕಣ್ಣೀರು ಹರಿಯಿತು. ಮೀನಿನ ಹರಾಜುಕಟ್ಟೆಯಲ್ಲಿ ಸುದ್ದಿಗೆ ಕೈಕಾಲು ಬಂದವು. ದ್ವೀಪದಲ್ಲಿ ಇಳಿದು ಏರು ಹತ್ತುವಾಗ ಎದೆ ಹಿಡಿದುಕೊಂಡು ಕೂತರಂತೆ ಎಂದು ಒಬ್ಬರು, ಕೂತಲ್ಲೇ ಸ್ತೋತ್ರ ಎಂದರಂತೆ ಎಂದು ಇನ್ನೊಬ್ಬರು.

ಮಧ್ಯಾಹ್ನ ಮಲ್ಸುನ್ ಅಮ್ಮ ಏಪ್ರನ್ ಬಿಚ್ಚದೆಯೇ ದಲ್ಸುವಿನ ಅಂಗಡಿಗೆ ಬಂದರು. ಗುಂಪಿನ ಸಂದೇಶ ಅವರು ನೋಡಿರಲಿಲ್ಲ, ಹರಾಜುಕಟ್ಟೆಯಿಂದ ಬಂದವರ ಬಾಯಲ್ಲಿ ಸುದ್ದಿ ಕೇಳಿದ್ದರು.

"ದಲ್ಸು, ಗುಕ್ ಹಿರಿಯರು ತೀರಿಕೊಂಡ್ರಂತಲ್ಲೋ. ಏರು ಹತ್ತುವಾಗ ಎದೆ ನಿಂತುಹೋಯ್ತಂತೆ."

ದಲ್ಸುವಿನ ಕೈಯಿಂದ ದಾರದುಂಡೆ ಉರುಳಿತು. ಬೆಳಿಗ್ಗೆಯಷ್ಟೇ ಕಂಡವರು. ತನ್ನ ಸಂದೇಶವೇ ಊರು ಸುತ್ತಿ ತನ್ನ ಬಾಗಿಲಿಗೆ ಬಂದಿದೆಯೆಂದು ಅವನಿಗೆ ಗುರುತು ಹತ್ತಲಿಲ್ಲ. ಹೊರಟಾಗ ಒಂದು ಸಾಲಿತ್ತು, ಈಗ ಮೈಕೈ ತುಂಬಿಕೊಂಡಿತ್ತು.

"ಯಾಕೆ ಹಾಗೆ ನೋಡ್ತೀಯಾ? ನಿಂಗೆ ಗೊತ್ತಿರಲಿಲ್ವಾ?" ಎಂದರು ಅಮ್ಮ.

ಇಲ್ಲಿ ಅವನು ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಊರಿಗೆಲ್ಲ ಗೊತ್ತಿರುವ ಸುದ್ದಿ ಸಂವಹನ ಸಮಿತಿಯ ಅಧ್ಯಕ್ಷನಿಗೆ ಗೊತ್ತಿಲ್ಲ ಎಂದರೆ ಮಾನವೇನು ಉಳಿಯಿತು? ದಲ್ಸು ಟೈ ಸರಿಮಾಡಿಕೊಂಡ.

"ಗೊತ್ತಿಲ್ದೆ ಏನಮ್ಮಾ. ಎಲ್ಲರಿಗಿಂತ ಮೊದಲು ಗೊತ್ತಾಗಿದ್ದೇ ನಂಗೆ."

ಅಲ್ಲಿಗೆ ಸುದ್ದಿಗೆ ಮೊಹರು ಬಿತ್ತು. ಪಾಸ್ಟರ್ ಫೋನ್ ಮಾಡಿ, "ಖಚಿತವಾ?" ಎಂದು ಕೇಳಿದಾಗ, "ಸಮಿತಿ ಖಚಿತಪಡಿಸಿದೆ ಪಾಸ್ಟರೇ," ಎಂದ. ಉಲ್ಸಾನ್‌ನಲ್ಲಿ ಹಡಗು ಕಟ್ಟುವ ಕೆಲಸದಲ್ಲಿರುವ ಹಿರಿಯರ ಮಗ ಕ್ಯುಸೊಕ್‌ಗೆ ತಿಳಿಸುವ ಕಷ್ಟದ ಹೊಣೆಯೂ ಅವನಿಗೇ ಬಿತ್ತು. ಪಾಸ್ಟರ ಕೋಣೆಯಲ್ಲಿ ನಾವೆಲ್ಲ ತಲೆ ತಗ್ಗಿಸಿ ನಿಂತಿದ್ದೆವು. ದಲ್ಸು ಫೋನಿನ ದನಿ ಎಲ್ಲರಿಗೂ ಕೇಳುವಂತೆ ಇಟ್ಟ.

"ಕ್ಯುಸೊಕ್, ಮನಸ್ಸು ಗಟ್ಟಿ ಮಾಡ್ಕೋಪ್ಪಾ. ನಿಮ್ಮ ತಂದೆಯವರು ತಂದೆ ಮನೆಗೆ ಹೋದ್ರು."

"ಗೊತ್ತು ಅಂಕಲ್. ಹೋದ ವಾರವೇ ಹೇಳಿದ್ರು."

ದಲ್ಸು ಪಾಸ್ಟರ ಮುಖ ನೋಡಿದ. "ಹೋದ ವಾರವೇ ಹೇಳಿದ್ರಾ?"

"ಹೂಂ. ಚಳಿ ಜಾಸ್ತಿ ಆಗೋಕೆ ಮುಂಚೆ ಹೋಗಿಬಿಡ್ತೀನಿ, ಅಲ್ಲಿ ಸೂರು ಸೋರ್ತಿದೆ, ಸರಿ ಮಾಡ್ಬೇಕು ಅಂದ್ರು."

ದಲ್ಸುವಿನ ಕಣ್ಣಲ್ಲಿ ನೀರು ತುಂಬಿತು. "ಅಲ್ಲೂ ಸೂರು ಸೋರುತ್ತೇನಪ್ಪಾ?"

"ಸೋರದೆ ಇರುತ್ತಾ, ಎಷ್ಟು ಹಳೇ ಮನೆ ಅದು. ಬಿಡಿ, ಅವರಿಗೆ ಅಲ್ಲೇ ನೆಮ್ಮದಿ. ನಾನೂ ಹೊಸ ವರ್ಷಕ್ಕೆ ಹೆಂಡತಿ ಮಕ್ಕಳನ್ನ ಕರ್ಕೊಂಡು ಅಲ್ಲಿಗೇ ಹೋಗ್ತಿದೀನಿ."

ದಲ್ಸು ಗಾಬರಿಯಿಂದ ಫೋನನ್ನು ಎರಡೂ ಕೈಯಲ್ಲಿ ಹಿಡಿದ. "ಬೇಡ ಕಣೋ. ದುಡುಕಬೇಡ. ಮಕ್ಕಳೇನು ಪಾಪ ಮಾಡಿದಾವೆ?"

"ಮಕ್ಕಳಿಗೆ ಅಲ್ಲಿ ಬಹಳ ಇಷ್ಟ ಅಂಕಲ್. ಸರಿ, ಕೆಲಸದ ಮಧ್ಯೆ ಇದೀನಿ, ಇಡ್ತೀನಿ."

ಫೋನ್ ನಿಂತಿತು. ಪಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ತಮ್ಮ ದಿನ ಮೊದಲೇ ಗೊತ್ತಿತ್ತು ಅವರಿಗೆ. ಎಂಥ ವಿಶ್ವಾಸ," ಎಂದರು. ನಮ್ಮ ಸಭೆಯಲ್ಲಿ ಅಂಥ ಹಿರಿಯರಿದ್ದರಲ್ಲ ಎಂದು ಆ ಕ್ಷಣ ನಮಗೆಲ್ಲ ಎದೆಯುಬ್ಬಿತು. ದಲ್ಸು ಗುಂಪಿಗೆ ಇನ್ನೊಂದು ಸಾಲು ಕಳಿಸಿದ: "ಮಗ ದುಃಖದಿಂದ ಏನೇನೋ ಮಾತಾಡುತ್ತಿದ್ದಾನೆ, ಅವನಿಗಾಗಿ ಪ್ರಾರ್ಥಿಸಿ."

ಮರುದಿನದ ಹಡಗಿನಲ್ಲಿ ಸಭೆಯೆಲ್ಲ ದ್ವೀಪಕ್ಕೆ ಹೋಗಿ ಅಂತಿಮ ಆರಾಧನೆ ನಡೆಸುವುದೆಂದಾಯಿತು. ಮಲ್ಸುನ್ ಅಮ್ಮ ಸಾವಿನ ಮನೆಗೆ ಮಾಡುವ ಖಾರದ ಕೆಂಪು ಸೂಪಿಗೆ ಒಲೆ ಹೊತ್ತಿಸಿದರು. ಚರ್ಚಿನ ಅತಿ ದೊಡ್ಡ ಹಂಡೆಯನ್ನೇ ಇಳಿಸಿ, ಮಾಂಸ, ಈರುಳ್ಳಿ ಸೊಪ್ಪು, ಬೆಟ್ಟದ ಒಣಸೊಪ್ಪು ಎಲ್ಲ ಹಾಕಿ ಕುದಿಸಿದರು. ಆದರೆ ಉಪ್ಪು ಹಾಕುವ ಹೊತ್ತಿಗೆ ಅವರ ಕೈ ನಿಂತಿತು. ನನ್ನನ್ನು ಕರೆದು ರುಚಿ ನೋಡಿಸಿದರು, ಒಕ್ಬುನಳನ್ನು ಕರೆದು ನೋಡಿಸಿದರು, ಗ್ಯಾಸ್ ತಂದವನಿಗೂ ಒಂದು ಚಮಚ ಕೊಟ್ಟರು.

"ಸರಿಯಾಗಿದೆ ಅಕ್ಕಾ," ಎಂದಳು ಒಕ್ಬುನ್.

"ಅವತ್ತು ನಿಜವಾಗ್ಲೂ ಉಪ್ಪು ಜಾಸ್ತಿ ಆಗಿತ್ತು ಕಣೇ," ಎಂದರು ಮಲ್ಸುನ್ ಅಮ್ಮ, ಹಂಡೆಯೊಳಗೆ ನೋಡುತ್ತಲೇ. "ಮರೆತು ಎರಡು ಸಲ ಹಾಕಿದ್ದೆ. ಹೌದು ಹಿರಿಯರೇ, ತಪ್ಪಾಯ್ತು ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತು. ನಾಳೆ ಅಂದ್ರಾಯ್ತು ಅಂದ್ಕೊಂಡೆ. ಆ ನಾಳೆ ಬರಲೇ ಇಲ್ಲ ನೋಡು."

ಈರುಳ್ಳಿ ಹೆಚ್ಚುತ್ತಿದ್ದವರಿಗೆ ಕಣ್ಣೀರಿಗೆ ನೆಪವಾದರೂ ಇತ್ತು.

ಶನಿವಾರ ಕಪ್ಪು ಬಟ್ಟೆ ತೊಟ್ಟು ನಾವು ಹಡಗುಕಟ್ಟೆಗೆ ಹೋದಾಗ ಅಲ್ಲಿನ ಮೇಲ್ವಿಚಾರಕ ತಲೆ ಕೆರೆದುಕೊಂಡ.

"ಗುಕ್ ಹಿರಿಯರಾ? ನಿನ್ನೆ ನಗ್ತಾ ಹಡಗು ಹತ್ತಿದ್ರಲ್ರೀ."

"ನಗ್ತಾನೇ ಹೋದ್ರು," ಎಂದ ದಲ್ಸು.

ಮೇಲ್ವಿಚಾರಕ ಟೋಪಿ ತೆಗೆದ. ಬರುವಾಗ ಶವಪೆಟ್ಟಿಗೆಗೆ ಬೇಕಾಗುತ್ತದೆಂದು ಹಡಗಿನಲ್ಲಿ ಕಾರು ನಿಲ್ಲಿಸುವ ಜಾಗವನ್ನು ತಾನೇ ಹಗ್ಗ ಕಟ್ಟಿ ಖಾಲಿ ಇಡಿಸಿದ. ನಮ್ಮ ಹಿರಿಯರಿಗೆ ಸಿಕ್ಕ ಗೌರವ ಕಂಡು ನಮಗೆ ಮತ್ತೆ ಎದೆಯುಬ್ಬಿತು.

ಜಾರಾ ದ್ವೀಪದಲ್ಲಿ ಇಳಿದು, ಗುಕ್ ಮನೆ ಯಾವುದೆಂದು ಸಿಂಪಿ ಒಡೆಯುತ್ತಿದ್ದ ಹೆಂಗಸರನ್ನು ಕೇಳಿದೆವು. ಅವರು ಏರಿನ ತುದಿ ತೋರಿಸಿದರು. ಮುಂದೆ ಪಾಸ್ಟರ್, ಅವರ ಹಿಂದೆ ಟೈ ಕಟ್ಟಿದ ದಲ್ಸು, ನಡುವೆ ನಾಲ್ವರು ಹೊತ್ತ ಹಂಡೆ, ಪಕ್ಕದಲ್ಲಿ ಮಲ್ಸುನ್ ಅಮ್ಮ. ಪರಲೋಕದ ಮನೆಯ ಕುರಿತಾದ ಗೀತೆ ಹಾಡುತ್ತ ಏರು ಹತ್ತಿದೆವು. ಈ ಸಲ ಗಂಡಸರು ಹೆಂಗಸರು ಒಟ್ಟಿಗೇ ಹಾಡಿದೆವು. ಅಷ್ಟು ಚೆನ್ನಾಗಿ ನಾವು ಎಂದೂ ಹಾಡಿರಲಿಲ್ಲ.

ಅಂಗಳಕ್ಕೆ ಬಂದು ಎರಡನೆಯ ಚರಣಕ್ಕೆ ಉಸಿರೆಳೆದುಕೊಳ್ಳುವಾಗ ಮೇಲಿನಿಂದ ಗುಕ್ ಹಿರಿಯರ ದನಿ ಕೇಳಿಸಿತು.

"ಯಾರು ಹೋದ್ರು?"

ಎಲ್ಲರೂ ತಲೆಯೆತ್ತಿದೆವು. ಹಿರಿಯರು ಸೂರಿನ ಮೇಲೆ, ಆಕಾಶಕ್ಕೆ ಬೆನ್ನು ಕೊಟ್ಟು, ಕೈಯಲ್ಲೊಂದು ಹೆಂಚು ಹಿಡಿದು ಕೂತಿದ್ದರು. ಪಾಸ್ಟರ್ ಯೊಮ್ ಮೊಣಕಾಲೂರಿಬಿಟ್ಟರು. ಭಕ್ತಿಯಿಂದಲೋ ಕಾಲು ಸೋತೋ ಎಂದು ಅವರು ಇಂದಿಗೂ ಹೇಳಿಲ್ಲ.

ಅಷ್ಟರಲ್ಲಿ ಮನೆಯ ಬಾಗಿಲು ಸರಿಯಿತು. ಒಣಗಿದ ಮೀನಿನಷ್ಟು ತೆಳ್ಳಗಿದ್ದ ಮುದುಕರೊಬ್ಬರು ಕೋಲೂರಿಕೊಂಡು ಹೊರಬಂದು, ಕಪ್ಪು ಬಟ್ಟೆಯ ನಮ್ಮನ್ನೂ ಹಂಡೆಯನ್ನೂ ನೋಡಿದರು.

"ನಾನಿನ್ನೂ ಇದೀನಿ," ಎಂದರು. "ಆದ್ರೂ ಬಂದಿದೀರಿ. ಸೂಪು ತಂದಿದ್ರೆ ಇಟ್ಟುಹೋಗಿ."

"ಅಪ್ಪಾ, ಇವರು ನಮ್ಮ ಸಭೆಯವರು," ಎಂದರು ಹಿರಿಯರು ಮೇಲಿನಿಂದ.

ಆ ಅಪ್ಪಾ ಎಂಬ ಮಾತು ನಮ್ಮೊಳಗೆ ಒಬ್ಬೊಬ್ಬರಿಗಾಗಿ ಇಳಿಯಿತು. ತಂದೆ. ತಂದೆಯ ಮನೆ. ಸೋರುವ ಸೂರು. ತಲೆಗಳು ನಿಧಾನವಾಗಿ ದಲ್ಸುವಿನ ಕಡೆ ತಿರುಗಿದವು. ದಲ್ಸು ಹಂಡೆಯ ಹಿಂದೆ ಅಡಗಲು ನೋಡಿದ. ಹಂಡೆ ದೊಡ್ಡದಿತ್ತು, ಅವನು ಇನ್ನೂ ದೊಡ್ಡವನಿದ್ದ.

ಆದರೆ ಮೊದಲು ಬಾಯಿ ತೆರೆದವರು ಮಲ್ಸುನ್ ಅಮ್ಮ. ಅವರು ನನ್ನ ಕಡೆ ತಿರುಗಲಿಲ್ಲ, ಯಾರ ಕಡೆಗೂ ತಿರುಗಲಿಲ್ಲ. ನೇರ ಮೇಲಕ್ಕೆ ನೋಡಿ ಕೂಗಿದರು.

"ಇಳೀರಿ ಕೆಳಗೆ. ಈ ವಯಸ್ಸಲ್ಲಿ ಸೂರಿನ ಮೇಲೆ ಏನು ಕೆಲಸ ನಿಮಗೆ? ಜಾರಿ ಬಿದ್ರೆ ಇನ್ನೊಂದು ಸಲ ಅಳೋಕೆ ನನ್ನಿಂದಾಗಲ್ಲ."

ಹಿರಿಯರು ಅಭ್ಯಾಸದಂತೆ ನನ್ನನ್ನು ಹುಡುಕಿದರು. "ಅವರಿಗೆ ಹೇಳು..." ಎಂದು ಶುರುಮಾಡಿದವರು ನಿಲ್ಲಿಸಿದರು. ಹೆಂಚನ್ನು ಕೆಳಗಿಟ್ಟರು.

"ಇಳೀತೀನಿ," ಎಂದರು ಅಮ್ಮನಿಗೇ. "ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ."

ಮಲ್ಸುನ್ ಅಮ್ಮ ಏಣಿ ಹಿಡಿದುಕೊಂಡರು. ಮಂದ್ರದ ಗಂಡಸರೂ ಸಹಾಯಕ್ಕೆ ನುಗ್ಗಿದರೆ, "ನೀವು ದೂರ ನಿಲ್ರೋ," ಎಂದು ಗದರಿದರು.

ಇಳಿದ ಮೇಲೆ ವಿಚಾರಣೆ ನಡೆಯಿತು. ಯಾರು ಏನು ಕೇಳಿದರು, ಯಾರಿಗೆ ಯಾರು ಹೇಳಿದರು ಎಂದು ಒಬ್ಬೊಬ್ಬರನ್ನೇ ಹಿಡಿದು ಹಿಂದಕ್ಕೆ ಹೋದರೆ ಕೊನೆಗೆ ಉಳಿದವನು ದಲ್ಸು. ಅವನ ಕಿವಿ ಸೂಪಿಗಿಂತ ಕೆಂಪಾಗಿತ್ತು. "ಅಧ್ಯಕ್ಷಗಿರಿ ವಾಪಸ್ ತಗೊಳ್ಳಿ ಹಿರಿಯರೇ," ಎಂದು ಫೋನನ್ನೇ ಎರಡು ಕೈಯಲ್ಲಿ ನೀಡಿದ. ಒಕ್ಬುನ್ ಗಂಡನ ಪಕ್ಕಕ್ಕೆ ಬಂದು ನಿಂತಳು. "ಬೈಯೋದಾದ್ರೆ ನನ್ನನ್ನೂ ಬೈಯಿರಿ. ಇವರು ಅರ್ಧ ಕೇಳ್ತಾರೆ ಅಂತ ಗೊತ್ತಿದ್ದೂ ಸುಮ್ಮನಿದ್ದೆ," ಎಂದಳು.

ಹಿರಿಯರು ಕನ್ನಡಕ ಹಾಕಿಕೊಂಡು ಸಂದೇಶ ಓದಿದರು. ಮತ್ತೊಮ್ಮೆ ಓದಿದರು.

"ಇದರಲ್ಲಿ ಸುಳ್ಳೇನಿದೆ?" ಎಂದರು. "ನಾನು ತಂದೆ ಮನೆಗೇ ಬಂದಿದೀನಲ್ಲ. ತಂದೆ ಇದಾರೆ ಅಂತ ಇಷ್ಟು ವರ್ಷ ನಿಮಗ್ಯಾರಿಗೂ ಹೇಳದೇ ಇದ್ದದ್ದು ನಾನು."

ದಲ್ಸುವಿನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಚಾಪೆ ಹಾಸಿ ಸೂಪು ಬಡಿಸಿದರು. ಊಟಕ್ಕೆ ಮುಂಚೆ ಪ್ರಾರ್ಥಿಸಲು ಪಾಸ್ಟರ್ ಹಿರಿಯರಿಗೇ ಹೇಳಿದರು. ಮಲ್ಸುನ್ ಅಮ್ಮ ಸೌಟನ್ನು ಎದೆಗೆ ಹಿಡಿದು ನಿಂತರು. ಹಿರಿಯರು ಕಣ್ಣು ಮುಚ್ಚಿದರು.

"ಕರ್ತನೇ, ಆ ಪ್ರಾರ್ಥನೆ ನಾನು ಮಾಡಬಾರದಿತ್ತು. ಆಮೆನ್."

"ಉಪ್ಪು ಜಾಸ್ತಿ ಆಗಿದ್ದೂ ನಿಜ," ಎಂದರು ಮಲ್ಸುನ್ ಅಮ್ಮ. ಆಮೇಲೆ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು, "ತಣ್ಣಗಾಗುತ್ತೆ, ತಿನ್ನಿ," ಎಂದರು.

ಮುದುಕಪ್ಪ ಎರಡು ಬಟ್ಟಲು ಮುಗಿಸಿದರು. ಊಟವಾದ ಮೇಲೆ ನಾವು ಕಪ್ಪು ಕೋಟು ಬಿಚ್ಚಿಟ್ಟು ಸೂರು ಹತ್ತಿದೆವು. ಸಂಜೆಯ ಹಡಗು ಬರುವಷ್ಟರಲ್ಲಿ ಹೆಂಚೆಲ್ಲ ಕೂತಿತು. ಹೆಂಗಸರು ಚಳಿಗಾಲದ ಉಪ್ಪಿನಕಾಯಿಯಾದ ಕಿಮ್ಚಿಗೆ ಎಲೆಕೋಸು ಉಪ್ಪಿನಲ್ಲಿ ನೆನೆಹಾಕಿಕೊಟ್ಟರು. ಎಷ್ಟು ಉಪ್ಪೆಂದು ಹಿರಿಯರೂ ಮಲ್ಸುನ್ ಅಮ್ಮನೂ ಜೋರುದನಿಯಲ್ಲಿ ವಾದಿಸಿದರು. ಹೊರಡುವಾಗ ಮುದುಕಪ್ಪ ದಲ್ಸುವಿನ ತೋಳು ಹಿಡಿದರು.

"ಹೆಂಡತಿ ಹೋದ ಮೇಲೆ ಈ ಅಂಗಳದಲ್ಲಿ ಇಷ್ಟು ಚಪ್ಪಲಿ ನೋಡಿರಲಿಲ್ಲ ಮಗಾ. ನಾನು ಸತ್ತಾಗ ಬರಬೇಡಿ, ನಾನಿರಲ್ಲ. ಇರುವಾಗ ಬನ್ನಿ."

ಆ ಮಾತನ್ನು ದಲ್ಸು ಪೂರ್ತಿ ಕೇಳಿಸಿಕೊಂಡ. ನಾನು ಪಕ್ಕದಲ್ಲೇ ಇದ್ದೆ, ಸಾಕ್ಷಿ ಹೇಳಬಲ್ಲೆ.

ಅವನ ಅಧ್ಯಕ್ಷಗಿರಿಯನ್ನು ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ. ವಸಂತದಲ್ಲಿ ಮುದುಕಪ್ಪನ ಹುಟ್ಟುಹಬ್ಬಕ್ಕೆ ಅವನು ಇಡೀ ಸಭೆಯನ್ನು ದ್ವೀಪಕ್ಕೆ ಹೊರಡಿಸಿದ. ಉಲ್ಸಾನ್‌ನಿಂದ ಕ್ಯುಸೊಕ್ ಹೆಂಡತಿ ಮಕ್ಕಳೊಂದಿಗೆ ಬಂದ. ಮಕ್ಕಳನ್ನು ಕಂಡ ಕೂಡಲೇ ದಲ್ಸು ಇಬ್ಬರನ್ನೂ ಎತ್ತಿಕೊಂಡು ಬಹಳ ಹೊತ್ತು ಇಳಿಸಲಿಲ್ಲ. ಈ ಸಲ ಮಲ್ಸುನ್ ಅಮ್ಮ ಮಾಡಿದ್ದು ಕಡಲಸೊಪ್ಪಿನ ಹುಟ್ಟುಹಬ್ಬದ ಸೂಪು. ಅಂಗಳದಲ್ಲಿ ದ್ವೀಪದವರೂ ನಾವೂ ತುಂಬಿದ್ದೆವು. ಮುದುಕಪ್ಪ ಹೊಸ ಕೋಟು ತೊಟ್ಟು ನಡುವೆ ಕೂತಿದ್ದರು. ಊಟದ ಮಧ್ಯೆ ಕೋಲಿನಿಂದ ದಲ್ಸುವಿನ ಕಡೆ ತೋರಿಸಿ ನೆರೆಯವರಿಗೆಲ್ಲ ಕೇಳುವಂತೆ ಹೇಳಿದರು.

"ನೋಡ್ಕೊಳ್ಳಿ, ಇವನೇ. ನನ್ನ ಮಗನ್ನ ಸಾಯಿಸಿ ನನ್ನ ಮನೆ ತುಂಬಿಸಿದವನು."

ದ್ವೀಪದವರೆಲ್ಲ ತಿರುಗಿ ನೋಡಿದರು. ದಲ್ಸು ಎದ್ದು ನಿಂತ, ಟೈ ಸರಿಮಾಡಿಕೊಂಡ, ನಾಲ್ಕೂ ದಿಕ್ಕಿಗೆ ಒಂದೊಂದು ಸಲ ತಲೆಬಾಗಿದ.